ಶಾಂತಿಯ ಅಚ್ಚು ಯಾರ ಕೈಯಲ್ಲಿರಬೇಕು?

ಯುದ್ಧದಲ್ಲಿ ಮೊದಲ ಗುಂಡು ಹಾರುವುದಕ್ಕೆ ಮುಂಚೆಯೇ ಅಚ್ಚಿನ ಯಂತ್ರ ತಿರುಗತೊಡಗಿರುತ್ತದೆ. ಸರಕಾರಗಳಿಗೆ ಈ ಸಂಗತಿ ಚೆನ್ನಾಗಿ ಗೊತ್ತು. 1914ರಲ್ಲಿ ಬ್ರಿಟನ್ನಿನಲ್ಲಿ ಕಡ್ಡಾಯ ಸೇನಾಭರ್ತಿಯ ಕಾನೂನು ಇರಲಿಲ್ಲ. ಅದು ಬಂದದ್ದು 1916ರಲ್ಲಿ. ಅಲ್ಲಿಯವರೆಗೆ ಗಣಿಯ, ಗಿರಣಿಯ, ಹೊಲದ ಯುವಕರನ್ನು ಕಂದಕಗಳಿಗೆ ಕರೆದೊಯ್ಯುವ ಕೆಲಸದಲ್ಲಿ ಗೋಡೆಗೆ ಅಂಟಿಸಿದ ಚಿತ್ರಗಳ ಪಾಲು ದೊಡ್ಡದಾಗಿತ್ತು. ಯುದ್ಧಮಂತ್ರಿ ಕಿಚನರ್ ಬೆರಳು ಚಾಚಿ, ನೋಡುವವನನ್ನೇ ನೇರವಾಗಿ ಕರೆಯುವ ಚಿತ್ರ ಆಗ ಹುಟ್ಟಿತು. 1917ರಲ್ಲಿ ಅಮೆರಿಕ ಯುದ್ಧಕ್ಕಿಳಿದಾಗ ಅದೇ ಬೆರಳನ್ನು 'ಅಂಕಲ್ ಸ್ಯಾಮ್' ಎಂಬ ಗಡ್ಡದ ಮುದುಕನಿಗೆ ಅಂಟಿಸಿ, 40 ಲಕ್ಷಕ್ಕೂ ಹೆಚ್ಚು ಪ್ರತಿಗಳನ್ನು ಅಚ್ಚು ಹಾಕಿಸಿದರು. ತೋಪಿಗೆ ಮದ್ದು ಎಷ್ಟು ಅಗತ್ಯವೋ ಯುದ್ಧಕ್ಕೆ ಶಾಯಿಯೂ ಅಷ್ಟೇ ಅಗತ್ಯವೆಂಬುದನ್ನು ಆಳುವವರು ಎಂದೂ ಮರೆತಿಲ್ಲ.

ಆದರೆ ಈ ಶಾಯಿಯ ಬೆಲೆ ತೆರುವವರು ಯಾರು? ಆ ಮೊದಲ ಮಹಾಯುದ್ಧಕ್ಕೆ ಗುಲಾಮ ಭಾರತದಿಂದಲೇ ಸುಮಾರು 13 ಲಕ್ಷ ಜನ ಹೋದರು; 74 ಸಾವಿರದಷ್ಟು ಜನ ಹಿಂದಿರುಗಲಿಲ್ಲ. ಯುದ್ಧ ಸಾರುವ ಸಭೆಯಲ್ಲಿ ಅವರ ಪೈಕಿ ಒಬ್ಬನನ್ನೂ ಯಾರೂ ಕೇಳಿರಲಿಲ್ಲ. ಅದು ನೂರು ವರ್ಷ ಹಿಂದಿನ ಮಾತಾಯಿತು ಎನ್ನುವವರು 2022ನ್ನು ನೆನಪಿಸಿಕೊಳ್ಳಲಿ. ಆ ವರ್ಷದ ಫೆಬ್ರವರಿಯಲ್ಲಿ ರಷ್ಯದ ಸೈನ್ಯ ಉಕ್ರೇನಿನ ಗಡಿ ದಾಟಿತು. ಮಾರ್ಚ್ ತಿಂಗಳಲ್ಲಿ ನಮ್ಮ ದಿನಸಿ ಅಂಗಡಿಗಳಲ್ಲಿ ಸೂರ್ಯಕಾಂತಿ ಎಣ್ಣೆಯ ಡಬ್ಬದ ಬೆಲೆ ಏರಿ ಕುಳಿತಿತು. ಉಕ್ರೇನನ್ನು ಭೂಪಟದಲ್ಲಿ ಕೂಡ ನೋಡಿರದ ಗಿರಾಕಿ, ಬೆಲೆ ಏರಿಸಿದ್ದು ಅಂಗಡಿಯವನೇ ಎಂದು ಅವನ ಮೇಲೆ ರೇಗಿದ. ಎರಡು ಕೋಣಗಳು ಕಾದಾಡಿದರೆ ಗಿಡಕ್ಕೆ ಸಾವು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಹೀಗಿರುವಾಗ, ಯುದ್ಧದ ಪರವಾದ ಅಚ್ಚುಕೂಟ ಸರಕಾರದ ಮತ್ತು ಹಣವಂತರ ಕೈಯಲ್ಲಿರುವಾಗ, ಯುದ್ಧ ಬೇಡವೆನ್ನುವ ಅಚ್ಚು ಯಾರ ಕೈಯಲ್ಲಿರಬೇಕು? ದೊಡ್ಡ ಕಲಾವಿದರ ಕೈಯಲ್ಲಿ ಎಂದು ಕೆಲವರು ಹೇಳುತ್ತಾರೆ. ಪಕ್ಷಗಳ ಕೈಯಲ್ಲಿ ಎಂದು ಇನ್ನು ಕೆಲವರು. ಯುದ್ಧದ ಬೆಲೆಯನ್ನು ತನ್ನ ಮೈಯಿಂದ, ಮನೆಯಿಂದ, ಗಲ್ಲಾಪೆಟ್ಟಿಗೆಯಿಂದ ತೆರುವವನ ಕೈಯಲ್ಲೇ ಅದು ಇರಬೇಕೆಂಬುದು ನಮ್ಮ ಅಭಿಪ್ರಾಯ. ಇದನ್ನು ನಾವು ಬರಿಯ ತತ್ವವೆಂದು ಹೇಳುತ್ತಿಲ್ಲ. ಕಳೆದ ನೂರು ವರ್ಷಗಳ ಚರಿತ್ರೆ ಇದಕ್ಕೆ ಸಾಕ್ಷಿ ಹೇಳುತ್ತದೆ.

ಮೊದಲು ಜರ್ಮನಿಯ ಕೇಥೆ ಕೋಲ್‌ವಿಟ್ಸ್ ಎಂಬ ಹೆಣ್ಣುಮಗಳ ವಿಷಯ. ಆಕೆಯ ಗಂಡ ಬರ್ಲಿನ್ನಿನ ಕಾರ್ಮಿಕರ ಕೇರಿಯಲ್ಲಿ ದರ್ಜಿಗಳ ಆರೋಗ್ಯ ನಿಧಿಯ ವೈದ್ಯ. ಗಂಡನ ದವಾಖಾನೆಗೆ ಬರುವ ಹೆಂಗಸರ ಮುಖಗಳನ್ನು ನೋಡುತ್ತಲೇ ಆಕೆ ಚಿತ್ರ ಬರೆದಳು. ಆಕೆಗೆ ಹೆಸರು ತಂದ ಮೊದಲ ಚಿತ್ರಮಾಲೆಯ ವಸ್ತು 1844ರಲ್ಲಿ ದಂಗೆಯೆದ್ದ ಸೈಲೀಷಿಯದ ನೇಕಾರರು. 1898ರಲ್ಲಿ ಅದು ಪ್ರದರ್ಶನಕ್ಕೆ ಬಂದಾಗ ಪದಕ ಕೊಡಬೇಕೆಂಬ ಶಿಫಾರಸು ಆಯಿತು. ಕೈಸರ್ ಚಕ್ರವರ್ತಿ ಒಪ್ಪಲಿಲ್ಲ. ನೇಕಾರನ ಹಸಿವಿಗೆ ಪದಕ ಕೊಡುವ ಚಕ್ರವರ್ತಿ ಎಲ್ಲಿದ್ದಾನೆ?

1914ರಲ್ಲಿ ಆಕೆಯ ಕಿರಿಯ ಮಗ ಪೀಟರ್ ಸೈನ್ಯಕ್ಕೆ ಸೇರುತ್ತೇನೆಂದು ಹಟ ಹಿಡಿದ. ವಯಸ್ಸು 18; ತಂದೆಯ ಒಪ್ಪಿಗೆ ಬೇಕಿತ್ತು. ತಂದೆ ಒಲ್ಲೆನೆಂದಾಗ ಗಂಡನ ಮನವೊಲಿಸಿದವಳು ತಾಯಿಯೇ. ಅಕ್ಟೋಬರಿನಲ್ಲಿ ಬೆಲ್ಜಿಯಂ ನೆಲದಲ್ಲಿ ಮಗ ಸತ್ತ. ಆ ತಾಯಿ ಉಳಿದ ಬದುಕನ್ನೆಲ್ಲ ಈ ಒಂದು ಒಪ್ಪಿಗೆಯ ಭಾರ ಹೊತ್ತೇ ಕಳೆದಳು. 1921-22ರ ಹೊತ್ತಿಗೆ ಆಕೆ 'ಯುದ್ಧ' ಎಂಬ ಹೆಸರಿನಲ್ಲಿ ಏಳು ಮರದಚ್ಚುಗಳನ್ನು ಕೆತ್ತಿದಳು. ಅವುಗಳಲ್ಲಿ ಫಿರಂಗಿಯಿಲ್ಲ, ಬಾವುಟವಿಲ್ಲ, ಸೇನಾಪತಿಯಿಲ್ಲ. ಮಗುವನ್ನು ಎತ್ತಿ ನೀಡುವ ತಾಯಿ, ತಮಟೆ ಬಡಿಯುವ ಸಾವಿನ ಹಿಂದೆ ನಡೆದ ಹುಡುಗರು, ಒಬ್ಬರ ಮೇಲೊಬ್ಬರು ಕುಸಿದ ಅಪ್ಪ ಅಮ್ಮ ಇಷ್ಟೇ. 1924ರ ಆಗಸ್ಟಿನಲ್ಲಿ ಲೈಪ್‌ಸಿಗ್ ನಗರದಲ್ಲಿ ಸಮಾಜವಾದಿ ಕಾರ್ಮಿಕ ಯುವಜನರ ಮೇಳ ನಡೆದಾಗ ಅದಕ್ಕಾಗಿ ಒಂದು ಕಲ್ಲಚ್ಚಿನ ಭಿತ್ತಿಪತ್ರ ಮಾಡಿಕೊಟ್ಟಳು: ಕೈ ಎತ್ತಿ ಕೂಗುವ ಒಬ್ಬ ಯುವಕ, ಪಕ್ಕದಲ್ಲಿ ಇನ್ನೆಂದೂ ಯುದ್ಧ ಬೇಡವೆಂಬ ಕೈಬರಹ. ಈ ಚಿತ್ರಗಳು ನಂಬಿಕೆ ಹುಟ್ಟಿಸಿದ್ದಕ್ಕೆ ಅವುಗಳ ರೇಖೆಯ ಸೊಗಸೊಂದೇ ಕಾರಣವಲ್ಲ. ಬೆಲೆ ತೆತ್ತವಳೇ ಉಳಿ ಹಿಡಿದಿದ್ದಳು.

ಇಷ್ಟಾದರೂ ಇದು ಒಬ್ಬಳ ಕೈ. ಒಂದು ಕೈಯಿಂದ ಹಲವು ಕೈಗಳಿಗೆ ಈ ವಿದ್ಯೆ ದಾಟಿದ ಕತೆಯನ್ನು ನೋಡಲು ಚೀನಕ್ಕೆ ಹೋಗಬೇಕು.

1931ರ ಫೆಬ್ರವರಿಯಲ್ಲಿ ಅಲ್ಲಿನ ಕುವೋಮಿಂಟಾಂಗ್ ಸರಕಾರ ರೌ ಶಿ ಎಂಬ ತರುಣ ಲೇಖಕನನ್ನು ಸಂಗಾತಿಗಳೊಡನೆ ಗುಂಡಿಕ್ಕಿ ಕೊಂದಿತು. ಅವನ ಗೆಳೆಯನೂ ಹಿರಿಯ ಸಾಹಿತಿಯೂ ಆಗಿದ್ದ ಲು ಶುನ್ ಬಹಿರಂಗವಾಗಿ ಶೋಕ ಬರೆಯುವಂತಿರಲಿಲ್ಲ. ಆತ ಕೋಲ್‌ವಿಟ್ಸಳ ಮರದಚ್ಚನ್ನು, ಮಗುವನ್ನು ಬಲಿ ನೀಡುವ ಆ ತಾಯಿಯನ್ನು, ಒಂದು ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ. ತಿಳಿಯಬೇಕಾದವರಿಗೆ ತಿಳಿಯಿತು. ಅದೇ ಆಗಸ್ಟಿನಲ್ಲಿ 17ರಿಂದ 22ರವರೆಗೆ ಶಾಂಘೈಯಲ್ಲಿ 13 ಮಂದಿ ತರುಣರನ್ನು ಕೂಡಿಸಿ ಮರದಚ್ಚಿನ ತರಗತಿ ನಡೆಸಿದ. ಕಲಿಸಿದವನು ಉಚಿಯಾಮ ಕಾಕಿಚಿ ಎಂಬ ಜಪಾನಿ ಶಾಲಾಮೇಷ್ಟ್ರು. ಮಾತನ್ನು ಅನುವಾದಿಸಿ ಹೇಳಿದವನು ಲು ಶುನ್ ತಾನೇ. ತರಗತಿ ಮುಗಿದು ತಿಂಗಳು ತುಂಬುವುದರೊಳಗೆ, ಸೆಪ್ಟೆಂಬರ್ 18ರಂದು, ಜಪಾನಿನ ಸೈನ್ಯ ಮಂಚೂರಿಯದ ಮೇಲೆ ಬಿದ್ದಿತು. ಜಪಾನಿನ ಸೇನಾಧಿಪತಿಗಳು ಬೇರೆ, ಜಪಾನಿನ ಮೇಷ್ಟ್ರು ಬೇರೆ. ಶತ್ರುದೇಶವೆಂದರೆ ಅಲ್ಲಿನ ಜನವೆಲ್ಲ ಶತ್ರುಗಳೆಂದು ಕೂಗುವವರು ಈ ಆರು ದಿನಗಳನ್ನು ಸ್ವಲ್ಪ ಯೋಚಿಸಬೇಕು.

ಮರದಚ್ಚನ್ನೇ ಆರಿಸಿದ್ದು ಏಕೆ? ಒಂದು ಹಲಗೆ, ಒಂದು ಉಳಿ, ಸ್ವಲ್ಪ ಶಾಯಿ ಇದ್ದರೆ ಸಾಕು. ಕೆತ್ತಿ ತೆಗೆದ ಜಾಗ ಬಿಳಿ, ಉಳಿದ ಜಾಗ ಕಪ್ಪು. ಕಾಗದ ಹೊದಿಸಿ ಚಮಚದ ಬೆನ್ನಿನಿಂದ ಉಜ್ಜಿದರೂ ಚಿತ್ರ ಇಳಿಯುತ್ತದೆ. ಪೊಲೀಸರು ಬೀಗ ಹಾಕಲು ಅಲ್ಲಿ ಯಂತ್ರವೇ ಇಲ್ಲ. 1936ರಲ್ಲಿ ಲು ಶುನ್ ತನ್ನ ಸ್ವಂತ ಖರ್ಚಿನಲ್ಲಿ ಕೋಲ್‌ವಿಟ್ಸಳ 21 ಚಿತ್ರಗಳ ಪುಸ್ತಕ ತಂದಾಗ, ಹಕ್ಕುಗಳನ್ನು ಕಾದಿರಿಸುವ ಪುಟದಲ್ಲಿ ಮರುಮುದ್ರಣವನ್ನು ನಿಷೇಧಿಸುವ ಬದಲು ಅದು ಪುಣ್ಯದ ಕೆಲಸವೆಂದು ಬರೆಸಿದ. ನಕಲು ಮಾಡಿದವನಿಗೆ ಪುಣ್ಯ! ಪುಸ್ತಕ ವ್ಯಾಪಾರ ಬಲ್ಲ ನಮ್ಮ ಓದುಗರು ಈ ಮಾತಿನ ಬೆಲೆಯನ್ನು ಊಹಿಸಬಲ್ಲರು.

ಮುಂದೆ ಈ ತರುಣರ ಪೀಳಿಗೆ ಜಪಾನೀ ಆಕ್ರಮಣದ ವಿರುದ್ಧ ಹಳ್ಳಿಗಳಿಗೆ ಹೋಯಿತು. ಯೆನಾನ್ ಪ್ರದೇಶದ ರೈತರು ಅವರ ಅಚ್ಚುಗಳನ್ನು ನೋಡಿ, ಮನುಷ್ಯನ ಮುಖ ಅರ್ಧ ಕಪ್ಪು ಅರ್ಧ ಬಿಳುಪು ಏಕೆಂದು ಕೇಳಿದರು. ಯುರೋಪಿನಿಂದ ಕಲಿತ ನೆರಳು ಬೆಳಕಿನ ರೀತಿ ಅವರಿಗೆ ಹಿಡಿಸಲಿಲ್ಲ. ಗು ಯುವಾನ್‌ನಂಥ ಕಲಾವಿದರು ಹಲಗೆಯನ್ನು ಮತ್ತೆ ಕೆತ್ತಿದರು. ನೆರಳು ಕಳೆದು ರೇಖೆ ಉಳಿಸಿದರು. ನೋಡುವವನು ಮಾತಾಡಿದ, ಕೆತ್ತುವವನು ಕೇಳಿದ. ಭಾಗವಹಿಸುವುದು ಎಂಬ ಮಾತಿಗೆ ಇದೇ ಅರ್ಥ. ಆ ಕಲೆ ತರುವಾಯ ಒಂದು ಸರಕಾರದ ತುತ್ತೂರಿಯಾಯಿತೆಂಬುದನ್ನೂ ನಾವು ಮುಚ್ಚಿಡುವುದಿಲ್ಲ. ಹಲಗೆಗೆ ಸ್ವಂತ ಬುದ್ಧಿಯಿಲ್ಲ. ರೈತನ ಪ್ರಶ್ನೆ ನಿಂತ ದಿನ ಅದು ಅಧಿಕಾರದ ಮಾತನ್ನೇ ಒಪ್ಪಿಸುತ್ತದೆ.

ಇದಕ್ಕೆ ಇನ್ನೊಂದು ದೊಡ್ಡ ಉದಾಹರಣೆ ಪಿಕಾಸೋನ ಪಾರಿವಾಳ. 1949ರ ಏಪ್ರಿಲಿನಲ್ಲಿ ಪ್ಯಾರಿಸ್ಸಿನಲ್ಲಿ ವಿಶ್ವಶಾಂತಿ ಸಮ್ಮೇಳನ ಸೇರಿದಾಗ ಅವನ ಕಲ್ಲಚ್ಚಿನ ಪಾರಿವಾಳ ಅದರ ಭಿತ್ತಿಪತ್ರವಾಯಿತು. ಹೊತ್ತು ಮೆರೆಸಿದವರು ಅಸಂಖ್ಯಾತರು; ಬರೆದವನು ಒಬ್ಬ, ಆರಿಸಿದವರು ಕೆಲವರು. 1956ರಲ್ಲಿ ಸೋವಿಯತ್ ಟ್ಯಾಂಕುಗಳು ಬುಡಾಪೆಸ್ಟಿಗೆ ನುಗ್ಗಿ ಹಂಗೇರಿಯ ಕಾರ್ಮಿಕರ ಮೇಲೆ ಗುಂಡು ಹಾರಿಸಿದಾಗ ಆ ಶಾಂತಿ ಮಂಡಳಿಯೊಳಗೆ ಭಿನ್ನಾಭಿಪ್ರಾಯವೆದ್ದಿತು, ಒಮ್ಮತದ ಖಂಡನೆ ಹೊರಡಲಿಲ್ಲ. ಒಂದು ಬಣದ ಬಾಂಬಿಗೆ ಹೆದರಿ ಇನ್ನೊಂದು ಬಣದ ಟ್ಯಾಂಕಿಗೆ ಕಣ್ಣು ಮುಚ್ಚುವ ಪಾರಿವಾಳ ಗಿರಣಿಯ ಆಳಿಗೆ ಏನು ಶಾಂತಿ ತಂದೀತು? ಪಾರಿವಾಳದ ಚಿತ್ರದಲ್ಲಿ ತಪ್ಪಿಲ್ಲ. ಹೊತ್ತವರಿಗೆ ಅದನ್ನು ತಿದ್ದುವ ಹಕ್ಕಿರಲಿಲ್ಲವೆಂಬುದೇ ತಪ್ಪು.

ಆ ಹಕ್ಕನ್ನು ಎಲ್ಲರ ಕೈಗೆ ಕೊಡುವ ದೊಡ್ಡ ಪ್ರಯತ್ನಗಳಲ್ಲಿ ಒಂದು 1970ರಲ್ಲಿ ಅಮೆರಿಕದಲ್ಲಿ ನಡೆಯಿತು. ಏಪ್ರಿಲ್ 30ರಂದು ಅಧ್ಯಕ್ಷ ನಿಕ್ಸನ್, ವಿಯೆಟ್ನಾಂ ಯುದ್ಧವನ್ನು ಕಾಂಬೋಡಿಯಕ್ಕೆ ವಿಸ್ತರಿಸಿರುವುದಾಗಿ ಸಾರಿದ. ಮೇ 4ರಂದು ಕೆಂಟ್ ವಿಶ್ವವಿದ್ಯಾಲಯದಲ್ಲಿ ಪ್ರತಿಭಟಿಸುತ್ತಿದ್ದ ಗುಂಪಿನ ಮೇಲೆ ರಕ್ಷಣಾದಳದವರು ಗುಂಡು ಹಾರಿಸಿ ನಾಲ್ವರು ವಿದ್ಯಾರ್ಥಿಗಳನ್ನು ಕೊಂದರು. ನೂರಾರು ಕಾಲೇಜುಗಳಲ್ಲಿ ಮುಷ್ಕರ ನಡೆಯಿತು. ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ವಿದ್ಯಾರ್ಥಿಗಳು ಪಾಠದ ಕೊಠಡಿಗಳನ್ನೇ ಸ್ಕ್ರೀನ್ ಪ್ರಿಂಟಿಂಗ್ ಕಾರ್ಯಾಗಾರ ಮಾಡಿದರು. ಹೊಸ ಕಾಗದಕ್ಕೆ ಹಣವಿಲ್ಲ. ಗಣಕಯಂತ್ರದಿಂದ ಹೊರಬಂದ, ಅಂಚಿನಲ್ಲಿ ತೂತುಗಳಿರುವ ರದ್ದಿ ಕಾಗದದ ಖಾಲಿ ಮಗ್ಗುಲಲ್ಲಿ ಅಚ್ಚು ಹಾಕಿದರು. ನೂರಾರು ಬಗೆಯ ಚಿತ್ರಗಳು, ಒಂದು ಅಂದಾಜಿನಂತೆ 50 ಸಾವಿರ ಪ್ರತಿಗಳು. ಎರಡು ವರ್ಷ ಹಿಂದೆ, 1968ರ ಮೇ ತಿಂಗಳಲ್ಲಿ, ಪ್ಯಾರಿಸ್ಸಿನ ಕಲಾಶಾಲೆಯಲ್ಲಿ ವಿದ್ಯಾರ್ಥಿಗಳೂ ಮುಷ್ಕರದ ಕಾರ್ಮಿಕರೂ ಸೇರಿ ಇದೇ ಮಾದರಿ ಹಾಕಿಕೊಟ್ಟಿದ್ದರು. ಅಲ್ಲಿ ಯಾವ ಚಿತ್ರ ಅಚ್ಚಾಗಬೇಕೆಂದು ಸಭೆ ತೀರ್ಮಾನಿಸುತ್ತಿತ್ತು, ಯಾವ ಚಿತ್ರಕ್ಕೂ ಬರೆದವನ ರುಜು ಇರುತ್ತಿರಲಿಲ್ಲ.

ಆದರೆ ಕೆಂಟ್ ಗುಂಡಿನ ನಾಲ್ಕು ದಿನಗಳ ಮೇಲೆ, ಮೇ 8ರಂದು, ನ್ಯೂಯಾರ್ಕಿನಲ್ಲಿ ಏನಾಯಿತು? ಕಟ್ಟಡ ಕಾರ್ಮಿಕರು ತಲೆಗೆ ಕೆಲಸದ ಗಟ್ಟಿ ಟೋಪಿ ಹಾಕಿಕೊಂಡು ಬಂದು ಯುದ್ಧವಿರೋಧಿ ವಿದ್ಯಾರ್ಥಿಗಳನ್ನು ಬಡಿದರು. ಕಾರ್ಮಿಕರು ಯುದ್ಧಪ್ರಿಯರೆಂದು ಇದಕ್ಕೆ ವ್ಯಾಖ್ಯಾನ ಮಾಡಿದವರಿದ್ದಾರೆ. ನಾವು ಒಪ್ಪುವುದಿಲ್ಲ. ಕಾಲೇಜಿನಲ್ಲಿರುವ ಹುಡುಗನಿಗೆ ಆಗ ಸೇನಾಭರ್ತಿಯಿಂದ ವಿನಾಯಿತಿಯಿತ್ತು. ಕಾಲೇಜಿಗೆ ಕಳಿಸಲಾರದ ಮನೆಯ ಹುಡುಗ ವಿಯೆಟ್ನಾಮಿಗೆ ಹೋಗುತ್ತಿದ್ದ. ತನ್ನ ಮಗ ರಣರಂಗದಲ್ಲಿರುವಾಗ, ಅಲ್ಲಿಗೆ ಹೋಗದವನು ಯುದ್ಧ ಬೇಡವೆಂದು ಕೂಗಿದರೆ, ಆ ಕೂಗು ತನ್ನ ಮಗನಿಗೆ ಮಾಡಿದ ಅವಮಾನವೆಂದೇ ತಂದೆಗೆ ಕೇಳಿಸುತ್ತದೆ. ಬರ್ಕ್ಲಿಯ ಚಿತ್ರಗಳಲ್ಲಿ ಸತ್ಯವಿತ್ತು, ಧೈರ್ಯವಿತ್ತು. ಅವನ್ನು ಅಚ್ಚು ಹಾಕಿದ ಕೈಗಳ ಪೈಕಿ ಆ ತಂದೆಯ ಕೈ ಇರಲಿಲ್ಲ. ಯುದ್ಧದ ಕರೆಯೋಲೆ ಮೊದಲು ತಲುಪುವ ಮನೆಯವರು ಪರದೆಯ ಮುಂದೆ ನಿಲ್ಲದಿದ್ದರೆ ಶಾಂತಿಯ ಮಾತು ಆ ಬೀದಿಯಲ್ಲಿ ಪರಕೀಯವಾಗಿಯೇ ಉಳಿಯುತ್ತದೆ.

ಈ ಕೊರತೆಯನ್ನು ತುಂಬಿದವರು ಸಿಪಾಯಿಗಳೇ. 2003ರಲ್ಲಿ ಅಮೆರಿಕ ಇರಾಕಿನ ಮೇಲೆ ದಾಳಿ ಮಾಡಿತು. ಅಲ್ಲಿ ಕೆಲಸ ಮಾಡಿ ಬಂದ ಡ್ರೂ ಕ್ಯಾಮರಾನ್ ಎಂಬ ಸೈನಿಕ ತನ್ನ ಸಮವಸ್ತ್ರವನ್ನು ಮೈಮೇಲಿನಿಂದಲೇ ಕತ್ತರಿಸಿ ತೆಗೆದ. 2007ರಲ್ಲಿ ಆತ ಡ್ರೂ ಮ್ಯಾಟೊಟ್ ಎಂಬ ಕಾಗದ ತಯಾರಕನೊಡನೆ ಸೇರಿ ವರ್ಮಾಂಟ್ ರಾಜ್ಯದ ಬರ್ಲಿಂಗ್ಟನ್ನಿನಲ್ಲಿ ಹೊಸ ಕೆಲಸವೊಂದನ್ನು ಆರಂಭಿಸಿದ. ಯುದ್ಧದಿಂದ ಬಂದವರು ತಮ್ಮ ಸಮವಸ್ತ್ರ ತರುತ್ತಾರೆ. ಗುಂಡಿ, ಜಿಪ್ಪು ಕಿತ್ತು, ಬಟ್ಟೆಯನ್ನು ಸಣ್ಣ ಸಣ್ಣ ಚೂರು ಮಾಡಿ, ನೀರಿನಲ್ಲಿ ಹಾಕಿ ಯಂತ್ರದಲ್ಲಿ ಕುಟ್ಟುತ್ತಾರೆ. ಎಳೆ ಬಿಚ್ಚಿ ಅಂಬಲಿಯಂತಾದಾಗ ಜರಡಿಯಲ್ಲಿ ಎತ್ತಿ ಹಾಳೆ ಮಾಡಿ ಒಣಗಿಸುತ್ತಾರೆ. ಆ ಹಾಳೆಯ ಮೇಲೆ ತಾವು ಕಂಡದ್ದನ್ನು ಅಚ್ಚು ಹಾಕುತ್ತಾರೆ.

ಗಿರಣಿಯಲ್ಲಿ ದುಡಿಯುವ ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹತ್ತಿ ನೂಲಾಗುವುದನ್ನು, ನೂಲು ಬಟ್ಟೆಯಾಗುವುದನ್ನು ಅವರು ದಿನಾಲು ಕಾಣುತ್ತಾರೆ. ಮರದ ತಿರುಳಿನಿಂದ ಕಾಗದ ಮಾಡುವುದು ರೂಢಿಗೆ ಬರುವ ಮುನ್ನ ಯುರೋಪಿನ ಪುಸ್ತಕಗಳು ಬಹುಪಾಲು ಚಿಂದಿಬಟ್ಟೆಯ ಕಾಗದದ ಮೇಲೆಯೇ ಅಚ್ಚಾಗುತ್ತಿದ್ದವು. ಹಳೆಯ ಆ ಕಸುಬನ್ನೇ ಈ ಸಿಪಾಯಿಗಳು ಕೈಗೆತ್ತಿಕೊಂಡರು. ಅಲ್ಲಿಗೆ ಬಂದವರೆಲ್ಲ ಒಂದೇ ರಾಜಕೀಯದವರೆಂದು ನಾವು ಹೇಳುವುದಿಲ್ಲ. ಮನೆಯವರೊಡನೆ ಬಾಯಿಬಿಟ್ಟು ಹೇಳಲಾಗದ್ದನ್ನು ಹೇಳಿಕೊಂಡರೆ ಸಾಕೆಂದು ಬಂದವರೂ ಇದ್ದರು. ಆದರೆ ಅವರ ಹಾಳೆಯನ್ನು ಕೈಯಲ್ಲಿ ಹಿಡಿದವನು, ನೀನು ಯುದ್ಧ ಕಂಡಿಲ್ಲ, ಸುಮ್ಮನಿರು ಎಂದು ಹೇಳಲಾರ. ಯುದ್ಧ ಕಂಡ ಅಂಗಿಯೇ ಆ ಕಾಗದ.

ಇಷ್ಟು ಹೇಳಿದ ಮೇಲೆ ಎರಡು ಆಕ್ಷೇಪಣೆಗಳು ಬರುತ್ತವೆ. ಚಿತ್ರದಿಂದ ಯುದ್ಧ ನಿಲ್ಲುತ್ತದೆಯೇ ಎಂಬುದು ಮೊದಲನೆಯದು. ನಿಲ್ಲುವುದಿಲ್ಲ. ಕೋಲ್‌ವಿಟ್ಸ್ 1924ರಲ್ಲಿ ಬೇಡವೆಂದ ಯುದ್ಧ 1939ರಲ್ಲಿ ಬಂದೇ ಬಂತು; ಸತ್ತ ಮಗನ ಹೆಸರನ್ನೇ ಇಟ್ಟಿದ್ದ ಆಕೆಯ ಮೊಮ್ಮಗನನ್ನು 1942ರಲ್ಲಿ ರಷ್ಯದ ರಣರಂಗದಲ್ಲಿ ಅದು ನುಂಗಿತು. ಆದರೆ ಚಿತ್ರಕ್ಕೆ ಶಕ್ತಿಯೇ ಇಲ್ಲವೆಂದಾದರೆ ಅಧಿಕಾರಕ್ಕೆ ಅದರ ಭಯವೇಕೆ? 1943ರ ಬಂಗಾಳವನ್ನು ನೋಡಿ. ಬಂಗಾಳದ ಹಳ್ಳಿಗಳಲ್ಲಿ ಕದನ ನಡೆದಿರಲಿಲ್ಲ. ಬರ್ಮಾ ಜಪಾನಿನ ವಶವಾಗಿ ಅಲ್ಲಿನ ಅಕ್ಕಿ ನಿಂತಿತು; ಶತ್ರುವಿಗೆ ಸಿಕ್ಕಬಾರದೆಂದು ಸರಕಾರ ಬಡವರ ದೋಣಿಗಳನ್ನು ಕಿತ್ತುಕೊಂಡಿತು; ಸೈನ್ಯಕ್ಕೂ ದೊಡ್ಡ ದಾಸ್ತಾನುಗಾರರಿಗೂ ಧಾನ್ಯ ಹೋಯಿತು; ಬೆಲೆ ಕೈಗೆಟುಕದಾಯಿತು. ಸುಮಾರು 30 ಲಕ್ಷ ಜನ ಸತ್ತರೆಂದು ಅಂದಾಜು. ಊರು ಸುಟ್ಟರೂ ಹನುಮಪ್ಪ ಹೊರಗೆ ಎಂಬಂತೆ ಕೊಳ್ಳೆ ಹೊಡೆದವರು ಉಳಿದರು. ಚಿತ್ತಪ್ರಸಾದ್ ಎಂಬ ತರುಣ ಮಿಡ್ನಾಪುರದ ಹಳ್ಳಿಗಳಲ್ಲಿ ಅಲೆದು, ಸಾಯುತ್ತಿದ್ದವರನ್ನು ಶಾಯಿಯಲ್ಲಿ ಬರೆದು 'ಹಂಗ್ರಿ ಬೆಂಗಾಲ್' ಎಂಬ ಪುಸ್ತಕ ಮಾಡಿದ. ಬ್ರಿಟಿಷ್ ಸರಕಾರ ಅದರ ಪ್ರತಿಗಳನ್ನು ಹಿಡಿದು ನಾಶಮಾಡಿತು. ವೈಸರಾಯನ ಸೈನ್ಯ ಹೆದರಿದ್ದು ಒಂದು ತೆಳ್ಳನೆಯ ಪುಸ್ತಕಕ್ಕೆ! ಮುಂದೆ ಅದೇ ಚಿತ್ತಪ್ರಸಾದ್ ಲಿನೋಲಿಯಂ ಹಾಳೆಯಲ್ಲಿ ಕೆತ್ತಿ ಅಚ್ಚು ತೆಗೆಯುವುದನ್ನು ಬದುಕಿನುದ್ದಕ್ಕೂ ನಡೆಸಿದ. ಚಿತ್ರ ಯುದ್ಧ ನಿಲ್ಲಿಸದಿರಬಹುದು. ಜನಕ್ಕೆ ಗೊತ್ತಾಗದಂತೆ ಯುದ್ಧ ನಡೆಸುವುದನ್ನು ಅದು ಕಷ್ಟಮಾಡುತ್ತದೆ.

ಎರಡನೆಯ ಆಕ್ಷೇಪಣೆ, ಇದೆಲ್ಲ ದೇಶದ್ರೋಹವೆಂಬುದು. ಯುದ್ಧದ ಮಾತು ಎದ್ದಾಗಲೆಲ್ಲ ಶಾಂತಿಯ ಮಾತಾಡಿದವನಿಗೆ ಈ ಬಿರುದು ಸಿದ್ಧವಾಗಿರುತ್ತದೆ. ಮಗನನ್ನು ದೇಶಕ್ಕೆ ಕೊಟ್ಟ ಕೋಲ್‌ವಿಟ್ಸಳಿಗಿಂತ, ಸಮವಸ್ತ್ರ ತೊಟ್ಟು ಮರುಭೂಮಿಯಲ್ಲಿ ನಿಂತ ಸಿಪಾಯಿಗಿಂತ ದೊಡ್ಡ ದೇಶಭಕ್ತರು ಈ ಬಿರುದು ಹಂಚುವವರಲ್ಲಿ ಎಷ್ಟು ಜನರಿದ್ದಾರೆ? ಗಡಿಯಲ್ಲಿ ನಿಂತ ಹುಡುಗ ಜೀವಸಹಿತ ಮನೆಗೆ ಬರಲಿ ಎನ್ನುವುದು ಅವನ ಮೇಲಿನ ಪ್ರೀತಿ. ಅವನ ಹೆಸರಿನಲ್ಲಿ ಮತ ಕೇಳುವುದು ಬೇರೆ ವ್ಯಾಪಾರ.

ಈಗ ನಮ್ಮ ಊರುಗಳ ಮಾತು. ಸ್ಕ್ರೀನ್ ಪ್ರಿಂಟಿಂಗ್ ನಮಗೆ ಪರದೇಶದ ವಿದ್ಯೆಯಲ್ಲ. ಲಗ್ನಪತ್ರಿಕೆ, ಬಟ್ಟೆಯ ಚೀಲ, ಅಂಗಡಿಯ ಹೆಸರುಪಟ್ಟಿ ಎಲ್ಲವನ್ನೂ ಈ ಕಸುಬಿನವರು ಅಚ್ಚು ಹಾಕಿದ್ದಾರೆ. ಮರದ ಚೌಕಟ್ಟು, ಬಿಗಿದು ಕಟ್ಟಿದ ಜಾಲರಿ ಬಟ್ಟೆ, ಬಣ್ಣ ಎಳೆಯುವ ರಬ್ಬರಿನ ಪಟ್ಟಿ: ಬಂಡವಾಳ ಇಷ್ಟೇ. ಆದರೆ ಇಂದು ಬೀದಿಯ ಗೋಡೆಯನ್ನು ಆಕ್ರಮಿಸಿರುವುದು ಫ್ಲೆಕ್ಸ್. ಅದರ ಮೇಲೆ ನಾಯಕನ ಮುಖ ಆಳೆತ್ತರ, ಕೆಳಗೆ ಅಭಿಮಾನಿಗಳ ಮುಖ ಅಂಚೆಚೀಟಿಯಷ್ಟು. ಯಾವ ಪಕ್ಷದ ಫ್ಲೆಕ್ಸೂ ಇದಕ್ಕೆ ಹೊರತಲ್ಲ. ದುಡ್ಡು ಕೊಟ್ಟರೆ ಗಂಟೆಯೊಳಗೆ ಬರುತ್ತದೆ. ಅದನ್ನು ಮಾಡುವಾಗ ಯಾರೂ ಯಾರೊಡನೆಯೂ ಮಾತಾಡಬೇಕಾಗಿಲ್ಲ. ಪರದೆಯ ಅಚ್ಚು ಹಾಗಲ್ಲ. ಒಬ್ಬ ಬಣ್ಣ ಎಳೆಯಬೇಕು, ಒಬ್ಬ ಕಾಗದ ಇಡಬೇಕು, ಒಬ್ಬ ದಾರಕ್ಕೆ ತೂಗುಹಾಕಬೇಕು. ಒಣಗುವಷ್ಟು ಹೊತ್ತು ಮಾತು ನಡೆಯುತ್ತದೆ. ಏನು ಬರೆಯಬೇಕು, ಏಕೆ ಬರೆಯಬೇಕು ಎಂಬ ಜಗಳವೂ ನಡೆಯುತ್ತದೆ. ಆ ಜಗಳವೇ ಜನತೆಯ ರಾಜಕೀಯ ಶಿಕ್ಷಣ.

ಆದ್ದರಿಂದ ನಮ್ಮ ಸಲಹೆ ಸರಳವಾದದ್ದು. ಪ್ರತಿ ಕಾರ್ಮಿಕ ಸಂಘದ ಕೊಠಡಿಯಲ್ಲಿ, ಪ್ರತಿ ವರ್ತಕರ ಸಂಘದ ಜಗಲಿಯಲ್ಲಿ ಒಂದು ಪರದೆ ಇರಲಿ. ಕೆಲಸ ಕಡಿಮೆಯಾಗಿರುವ ಹಳೆಯ ಕಸುಬುದಾರನನ್ನು ಕೂಲಿ ಕೊಟ್ಟು ಕರೆಸಿ ಕಲಿಯಲಿ. ನಿವೃತ್ತ ಸಿಪಾಯಿಯನ್ನು ಕರೆದು, ಕಂಡದ್ದನ್ನು ಹೇಳಲು ಬಿಡಲಿ. ಎಣ್ಣೆಯ ಬೆಲೆ ಏರಿದ್ದೇಕೆಂದು ಅಂಗಡಿಯವನು ತನ್ನ ಕೈಯಾರೆ ಅಚ್ಚು ಹಾಕಿ ತನ್ನ ಬಾಗಿಲಿಗೇ ಅಂಟಿಸಲಿ. ಹೆಂಗಸರು ಮೊದಲು ಬರಲಿ, ಏಕೆಂದರೆ ಯುದ್ಧದ ಕೊನೆಯ ಲೆಕ್ಕ ಅವರ ಮನೆಯಲ್ಲೇ ಆಗುತ್ತದೆ. ಚಿತ್ರ ಸೊಟ್ಟಗಿದ್ದರೆ ಇರಲಿ. ಯಾವ ಚಿತ್ರ ಬೇಕೆಂಬುದನ್ನು ಸಭೆ ತೀರ್ಮಾನಿಸಲಿ. ಪಕ್ಷದ ಕಚೇರಿ ತೀರ್ಮಾನಿಸುವುದು ಬೇಡ, ನಮ್ಮದೂ ಬೇಡ.

ಈ ಕೆಲಸವನ್ನು ಯುದ್ಧ ಬಂದ ಮೇಲೆ ಆರಂಭಿಸಲಾಗುವುದಿಲ್ಲ. ಆಗ ಬೆರಳು ಚಾಚಿದ ಚಿತ್ರ ಆಗಲೇ ಗೋಡೆ ಏರಿರುತ್ತದೆ, ವಿವೇಕದ ಮಾತಿಗೆ ಕಿವಿ ಮುಚ್ಚಿರುತ್ತದೆ. ಶಾಂತಿಯಿರುವ ಈ ದಿನಗಳಲ್ಲೇ ಕೈ ಪಳಗಬೇಕು. ಬೆಲೆ ತೆರುವವರು ನಾವಾದ್ದರಿಂದ ಅಚ್ಚನ್ನೂ ನಾವೇ ಹಿಡಿಯೋಣ.